ತಂಬೂರಿ ಹಿಡಿದ ಹೆಬ್ಬೆರಳು

ಕೈ ನೋವಿನ ಕಥೆ ಬರೆಯಬೇಕೆಂದು ಕೂತಾಗಲೆಲ್ಲ ನನಗೆ ಮೊದಲು ನೆನಪಾಗುವುದು ಒಂದು ಸೀಮೆಸುಣ್ಣದ ತುಂಡು. ಎಂಟನೇ ತರಗತಿಯಲ್ಲಿ ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಅರ್ಧ ಸಾಲಿಗೆ ಬಂದಾಗ ಬಲಗೈ ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನವರೆಗೆ ಯಾರೋ ಕಾದ ತಂತಿ ಎಳೆದ ಹಾಗಾಯಿತು. ಸೀಮೆಸುಣ್ಣ ಕೆಳಗೆ ಬಿತ್ತು. ಮುಂದಿನ ಬೆಂಚಿನ ಹುಡುಗಿ ಎತ್ತಿ ಕೊಟ್ಟಳು, ಮತ್ತೆ ಬಿತ್ತು. ಮೂರನೇ ಸಲ ಬಿದ್ದಾಗ ಮಕ್ಕಳು ನಕ್ಕರು. ನಾನೂ ನಕ್ಕು, ಟೀಚರ್‌ಗೆ ವಯಸ್ಸಾಯ್ತು ಕಣ್ರಪ್ಪಾ ಎಂದು ಹೇಳಿ ಉಳಿದ ಪಾಠವನ್ನು ಬಾಯಲ್ಲೇ ಮುಗಿಸಿದೆ.

ಆಗ ನನಗೆ ನಲವತ್ತಾರು. ಮಂಡ್ಯದ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಹೇಳಿಕೊಡುತ್ತೇನೆ. ಮನೆ ಕೆರಗೋಡಿನ ಹತ್ತಿರದ ಹಳ್ಳಿಯಲ್ಲಿ. ಬೆಳಿಗ್ಗೆ ಐದಕ್ಕೆ ಎದ್ದು ಕಸ ಗುಡಿಸಿ, ಎರಡು ಸೀಮೆ ಹಸುಗಳ ಹಾಲು ಕರೆದು ಡೈರಿಗೆ ಕಳಿಸಿ, ಮುದ್ದೆ ತೊಳಸಿಟ್ಟು, ಡಬ್ಬಿ ಕಟ್ಟಿಕೊಂಡು ಎಂಟರ ಬಸ್ಸು ಹತ್ತುತ್ತಿದ್ದೆ. ಮಗಳು ಮದುವೆಯಾಗಿ ಹೋದ ಮೇಲೆ ಮನೆಯಲ್ಲಿ ನಾವು ಮೂವರು. ನಾನು, ಗದ್ದೆ ನೋಡಿಕೊಳ್ಳುವ ನಮ್ಮವರು, ಮತ್ತೆ ನಮ್ಮತ್ತೆ ನಿಂಗಮ್ಮ. ಸೋಮವಾರ ಸಂಜೆ ದೀಪ ಹಚ್ಚಿದ ಮೇಲೆ ಬಸವನ ಗುಡಿಯ ಜಗಲಿಯಲ್ಲಿ ಭಜನೆ ನಡೆಯುತ್ತದೆ. ಅಲ್ಲಿ ತಂಬೂರಿ ಹಿಡಿಯುವವಳು ನಾನು.

ನೋಡದವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸಂಗೀತ ಕಚೇರಿಯಲ್ಲಿ ಹಿಂದೆ ಕೂತು ಮೀಟುವ ದೊಡ್ಡ ತಂಬೂರಿ ನಮ್ಮದಲ್ಲ. ತತ್ವಪದ ಹಾಡುವವರ ತಂಬೂರಿ ಅದಕ್ಕಿಂತ ಚಿಕ್ಕದು. ಅದರ ದಂಡಿಯನ್ನು ಬಲ ಹೆಗಲಿಗೆ ಆನಿಸಿ, ಬಲಗೈ ಹೆಬ್ಬೆರಳಲ್ಲಿ ಅವುಚಿ ಹಿಡಿದು, ಅದೇ ಕೈಯ ತೋರುಬೆರಳಲ್ಲಿ ತಂತಿ ಮೀಟಬೇಕು. ಎಡಗೈಗೆ ತಾಳದ ಚಿಟಿಕೆಯ ಕೆಲಸ. ಹಾಗಾಗಿ ಹೊರುವುದೂ ಬಲಗೈಯೇ, ನುಡಿಸುವುದೂ ಬಲಗೈಯೇ. ಒಂದೂವರೆ ಗಂಟೆ ಹಾಡಿದರೆ ಅಷ್ಟೂ ಹೊತ್ತು ಹೆಬ್ಬೆರಳಿಗೆ ಬಿಡುವಿಲ್ಲ.

ಆ ತಂಬೂರಿ ಅತ್ತೆಯದು. ಅವರಿಗೆ ಅವರಪ್ಪನಿಂದ ಬಂದದ್ದು. ಗಂಡಸರೇ ತುಂಬಿದ ಭಜನೆಯಲ್ಲಿ ಅವರು ಒಬ್ಬರೇ ಹೆಂಗಸಾಗಿ ಕೂತು ನಲವತ್ತು ವರ್ಷಕ್ಕೂ ಮೇಲೆ ಹಾಡಿದವರು. ನಾನು ಈ ಮನೆಗೆ ಬಂದ ಹೊಸದರಲ್ಲಿ ಅವರ ಹಿಂದೆ ಕೂತು ಸೊಲ್ಲು ಎತ್ತಿಕೊಡುತ್ತಿದ್ದೆ. ಅವರು ತಂಬೂರಿ ಹಿಡಿಯುವ ರೀತಿ ಮಾತ್ರ ಬೇರೆ ಯಾರ ಹಾಗೂ ಇರಲಿಲ್ಲ. ಹಳೇ ಸೀರೆಯ ಅಂಚು ಹರಿದು ಮಾಡಿದ ಒಂದು ಪಟ್ಟಿಯಲ್ಲಿ ಅದನ್ನು ಹೆಗಲಿಗೆ ಬಿಗಿದುಕೊಳ್ಳುತ್ತಿದ್ದರು. ಹೆಬ್ಬೆರಳು ದಂಡಿಯ ಪಕ್ಕ ಸುಮ್ಮನೆ ಮಲಗಿರುತ್ತಿತ್ತು. ಮೀಟುತ್ತಿದ್ದುದು ನಡುಬೆರಳಿಂದ. ಹಾರ್ಮೋನಿಯಂ ನುಡಿಸುವ ಪುಟ್ಟಸ್ವಾಮಣ್ಣ ಪ್ರತಿ ವಾರ ತಪ್ಪದೆ ರೇಗಿಸುತ್ತಿದ್ದರು: “ನಿಂಗಕ್ಕ ತಂಬೂರಿಯ ಕೂಸ್ನಂಗೆ ಕಟ್ಕಂಡು ಬತ್ತವ್ಳೆ ನೋಡ್ರಪ್ಪ, ಆಲು ಕುಡ್ಸಿದ್ಯೇನಕ್ಕ?” ಅತ್ತೆ ನಕ್ಕು ಶ್ರುತಿ ಕೂಡಿಸುತ್ತಿದ್ದರು.

ನಾಲ್ಕು ವರ್ಷದ ಹಿಂದೆ ಒಂದು ಸೋಮವಾರ ಅವರು ತಂಬೂರಿಯನ್ನು ನನ್ನ ತೊಡೆಯ ಮೇಲಿಟ್ಟು, “ನನ್ ಗಂಟ್ಲು ಓಯ್ತು ಕಣವ್ವ, ಇನ್ಮ್ಯಾಕೆ ನೀನೇ ಇಡ್ಕೊ” ಎಂದರು. ನನಗೆ ಹೆಮ್ಮೆಯಾಯಿತು. ಹೆಮ್ಮೆಯಲ್ಲಿ ನಾನು ಮಾಡಿದ ಮೊದಲ ಕೆಲಸ ಆ ಪಟ್ಟಿ ಬಿಚ್ಚಿದ್ದು. ಮೇಳಗಳಲ್ಲಿ ದೊಡ್ಡ ಗಾಯಕರು ಹಿಡಿಯುವುದನ್ನು ನೋಡಿದ್ದೆನಲ್ಲ, ಹಾಗೆ ಹೆಬ್ಬೆರಳಲ್ಲಿ ಅವುಚಿ, ತೋರುಬೆರಳಲ್ಲಿ ಮೀಟಿದೆ. ಪುಟ್ಟಸ್ವಾಮಣ್ಣ, “ಇದು ಕಣಮ್ಮ ಇಡ್ಯೋದು” ಎಂದರು. ಅತ್ತೆ ಪಟ್ಟಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಅದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಸೀಮೆಸುಣ್ಣ ಬಿದ್ದ ಮೇಲೆ ಎರಡು ತಿಂಗಳು ನಾನು ಯಾರಿಗೂ ಹೇಳಲಿಲ್ಲ. ಮುಲಾಮು ಹಚ್ಚಿದೆ, ಅರಿಶಿನ ಬಿಸಿ ಮಾಡಿ ಕಟ್ಟಿದೆ, ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ಹೇಳಿದ ಎಣ್ಣೆಯನ್ನೆಲ್ಲ ತಿಕ್ಕಿದೆ. ಬಾಟಲಿಯ ಮುಚ್ಚಳ ತಿರುಗಿಸಲಾಗದೆ ಹಲ್ಲಿನಲ್ಲಿ ಕಚ್ಚಿ ತೆಗೆದೆ. ಒಂದು ದಿನ ತುಂಬಿದ ಚೊಂಬು ಕೈಜಾರಿ ನಮ್ಮವರ ಕಾಲ ಮೇಲೆ ಬಿತ್ತು. ಅವರು ಕಾಲು ಹಿಡಿದುಕೊಂಡೇ, “ಕೋಪ ಇದ್ರೆ ಬಾಯಲ್ಲಿ ಏಳು, ಚೊಂಬ್ನಲ್ಲಿ ಯಾಕಮ್ಮಿ ಏಳ್ತೀಯ?” ಎಂದರು. ನಗಬೇಕೆಂದು ಹೋದವಳು ಅತ್ತುಬಿಟ್ಟೆ. ಮಾರನೆಯ ದಿನವೇ ಅವರು ನನ್ನನ್ನು ಮಂಡ್ಯಕ್ಕೆ ಮೂಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು.

ಅಲ್ಲಿ ಕಾಯುವ ಹೊತ್ತು ಬಹಳ ಉದ್ದ. ಗೋಡೆಯುದ್ದಕ್ಕೂ ಕಬ್ಬಿಣದ ಕುರ್ಚಿಗಳು, ಕುರ್ಚಿ ತುಂಬ ಕೈಕಾಲು ಕಟ್ಟಿಸಿಕೊಂಡವರು. ನಮ್ಮ ಜಿಲ್ಲೆಯ ಜನ ಆಸ್ಪತ್ರೆಯಲ್ಲಿ ಸುಮ್ಮನೆ ಕೂರುವವರಲ್ಲ. ಹತ್ತು ನಿಮಿಷದಲ್ಲಿ ಯಾರ ಮೂಳೆ ಎಲ್ಲಿ ಹೇಗೆ ಮುರಿಯಿತು ಎಂಬುದು ಎಲ್ಲರಿಗೂ ಗೊತ್ತಾಗಿತ್ತು. ನನ್ನ ಕೈ ನೋಡಿದರೆ ಊತವಿಲ್ಲ, ಗಾಯವಿಲ್ಲ, ಪಟ್ಟಿಯಿಲ್ಲ. ಏನಾಗಿದೆ ಎಂದು ಕೇಳಿದವರಿಗೆ ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ, ನಾಚಿಕೆಯಾಯಿತು. ಪಕ್ಕದಲ್ಲಿ ಎಡಗೈಗೆ ಪ್ಲಾಸ್ಟರ್ ಹಾಕಿಸಿಕೊಂಡ ಹೆಂಗಸೊಬ್ಬರು ನೀರಿನ ಬಾಟಲಿ ಹಿಡಿದು ಪೇಚಾಡುತ್ತಿದ್ದರು. ನಾನು ಎಡಗೈಯಲ್ಲಿ ಬಾಟಲಿ ಹಿಡಿದೆ, ಅವರು ಬಲಗೈಯಲ್ಲಿ ಮುಚ್ಚಳ ತಿರುಗಿಸಿದರು. ಇಬ್ಬರೂ ಕುಡಿದೆವು. “ಇಬ್ರೂ ಸೇರ್ದ್ರೆ ಒಬ್ಳು ಸರ್ಯಾಗಿರೋ ಎಂಗ್ಸು ಆಯ್ತೀವಿ ನೋಡಿ” ಎಂದರು ಅವರು. ಎರಡು ತಿಂಗಳಲ್ಲಿ ಮನಸಾರೆ ನಕ್ಕದ್ದು ಅದೇ ಮೊದಲು.

ಡಾಕ್ಟರು ಒಳ್ಳೆಯವರು, ಮೆಲುಮಾತಿನವರು. ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ, ಅದರ ಮೇಲೆ ಉಳಿದ ಬೆರಳುಗಳ ಮುಷ್ಟಿ ಕಟ್ಟಿಸಿದರು. ಆಮೇಲೆ ಆ ಮುಷ್ಟಿಯನ್ನು ಕಿರುಬೆರಳಿನ ಕಡೆಗೆ ಮೆಲ್ಲಗೆ ಬಗ್ಗಿಸಿದರು. ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಕಣ್ಣಲ್ಲಿ ನೀರು ಬಂತು. ಹೆಬ್ಬೆರಳ ಸ್ನಾಯುವಿನ ಎಳೆಯ ಸುತ್ತ ಒಳಗೊಳಗೇ ಊತ ಬಂದಿದೆ ಎಂದರು. ಅದಕ್ಕೊಂದು ಉದ್ದದ ಹೆಸರು ಹೇಳಿದರು, ನನಗೆ ನಿಲ್ಲಲಿಲ್ಲ. “ಏನು ಕೆಲಸ ಮಾಡ್ತೀರಮ್ಮ?” ಎಂದು ಕೇಳಿದರು. ಮೇಷ್ಟರ ಕೆಲಸ ಎಂದೆ. “ಕೈಗೆ ಬೇರೆ ಏನಾದ್ರೂ ಕೆಲಸ ಇದೆಯಾ?” ಎಂದರು. ನಾನು ಬಾಯಿ ತೆರೆಯುವ ಮೊದಲೇ ನಮ್ಮವರು, “ತಂಬೂರಿ ಬಾರುಸ್ತಾಳೆ ಸಾರ್” ಎಂದರು.

ಅದು ಸಾಕಾಯಿತು. ಆರು ವಾರ ಕೈಗೆ ಬೆಲ್ಟು, ಮಾತ್ರೆ, ಭಾರ ಎತ್ತಬಾರದು, ತಂಬೂರಿ ಮುಟ್ಟಬಾರದು. ತಪ್ಪು ಸಿಕ್ಕಿದ ಸಮಾಧಾನ ಎಲ್ಲರಿಗೂ ಆಯಿತು. ಮಳವಳ್ಳಿಯಿಂದ ನಮ್ಮವ್ವ ಫೋನಿನಲ್ಲಿ, “ಅದೊಂದು ಎಂಗುಸ್ರು ಇಡ್ಯೋ ಸಾಮಾನಾ? ಮದ್ಲು ಅದ್ನ ಬುಡು, ಕೈ ತಾನಾಗೇ ಸರಿಹೋಯ್ತದೆ” ಎಂದಳು. ಸ್ಟಾಫ್ ರೂಮಿನಲ್ಲಿಯೂ ಅದೇ ಮಾತು. ನನಗೂ ಹಾಗೇ ಅನ್ನಿಸಿತು. ಅತ್ತೆ ಮಾತ್ರ ನನ್ನ ಬೆಲ್ಟನ್ನು ತಿರುಗಿಸಿ ತಿರುಗಿಸಿ ನೋಡಿ, “ಸಂದಾಗೈತೆ” ಎಂದು ಹೇಳಿ ಸೊಪ್ಪು ಸೋಸಲು ಹೋದರು.

ತಂಬೂರಿ ನಡುಮನೆಯ ಗೂಟ ಸೇರಿತು. ಸೋಮವಾರ ನಾನು ಬರಿಗೈಯಲ್ಲಿ ಜಗಲಿಗೆ ಹೋದೆ. ಪುಟ್ಟಸ್ವಾಮಣ್ಣ ಫೋನು ತೆಗೆದು, “ಯೋಚ್ನೆ ಮಾಡ್ಬ್ಯಾಡ ಜಯಂತಮ್ಮ, ಇದ್ರಾಗೆ ಸ್ರುತಿ ಬತ್ತದೆ” ಎಂದು ಒತ್ತಿದರು. ಫೋನು ನಿಲ್ಲದೆ ಗುಂಯ್ ಅಂದಿತು. ಅದರಲ್ಲಿ ತಪ್ಪೇನಿರಲಿಲ್ಲ. ಆದರೆ ನಾನು ಬಾಯಿ ತೆರೆದರೆ ದನಿ ಎಲ್ಲೋ ಹೋಗಿ ಎಲ್ಲೋ ಬಿತ್ತು. ಇಷ್ಟು ವರ್ಷ ಹೆಗಲ ಮೂಳೆಯಲ್ಲಿ ಆ ತಂತಿಯ ನಡುಕ ಇಳಿಯುತ್ತಿತ್ತು, ಅದನ್ನು ಹಿಡಿದುಕೊಂಡು ನಾನು ಹಾಡುತ್ತಿದ್ದೆ ಎಂಬುದು ಅವತ್ತು ಗೊತ್ತಾಯಿತು. ಎರಡನೇ ಪದಕ್ಕೇ ಎದ್ದು ಬಂದೆ.

ನನಗೆ ಹೆದರಿಕೆ ಶುರುವಾದದ್ದು ಆಮೇಲೆ. ನೋವನ್ನು ಹೇಗೋ ತಡೆದುಕೊಳ್ಳಬಹುದು. ಆದರೆ ಇಡೀ ವಾರದಲ್ಲಿ ನನ್ನದು ಎಂದು ಇದ್ದದ್ದು ಆ ಒಂದೂವರೆ ಗಂಟೆ. ಮಿಕ್ಕದ್ದೆಲ್ಲ ಶಾಲೆಯದು, ಮನೆಯದು. ಅದು ಹೋದರೆ ನಾನು ಏನಾಗಿ ಉಳಿಯುತ್ತೇನೆ ಎಂದು ರಾತ್ರಿಯೆಲ್ಲ ಯೋಚಿಸುತ್ತಿದ್ದೆ. ಅತ್ತೆಯ ಅಪ್ಪ ಹಿಡಿದದ್ದು, ಅತ್ತೆ ಹಿಡಿದದ್ದು, ನನ್ನ ಕೈಗೆ ಬಂದ ನಾಲ್ಕೇ ವರ್ಷಕ್ಕೆ ಗೂಟ ಸೇರಿತಲ್ಲ ಎಂದು ನಾಚಿಕೆಯೂ ಆಗುತ್ತಿತ್ತು. ಅತ್ತೆಯ ಮುಖ ನೋಡದೆ ಊಟಕ್ಕೆ ಬಡಿಸುತ್ತಿದ್ದೆ.

ಆರು ವಾರ ಕಳೆಯಿತು, ಕೈ ಸರಿಹೋಗಲಿಲ್ಲ. ಮಣಿಕಟ್ಟಿಗೆ ಒಂದು ಇಂಜೆಕ್ಷನ್ ಕೊಟ್ಟರು. ಹತ್ತು ದಿನ ಹಾಯಾಗಿತ್ತು, ಹನ್ನೊಂದನೇ ದಿನ ನೋವು ಮನೆಗೆ ವಾಪಸ್ಸು ಬಂತು. ಶಾಲೆಯಲ್ಲಿ ಮಕ್ಕಳೇ ಪಾಳಿ ಮಾಡಿಕೊಂಡು ಬೋರ್ಡಿನ ಮೇಲೆ ಬರೆಯತೊಡಗಿದರು. ಅವರ ಅಕ್ಷರ ನನ್ನದಕ್ಕಿಂತ ಚೆನ್ನಾಗಿತ್ತು. ತಂಬೂರಿ ಬಿಟ್ಟು ಮೂರು ತಿಂಗಳಾದಾಗ ಡಾಕ್ಟರು ತಲೆ ಕೆರೆದುಕೊಂಡರು. ಬಿಟ್ಟ ಮೇಲೂ ಯಾಕೆ ಇಳಿಯುತ್ತಿಲ್ಲ ಎಂದು ಅವರಿಗೆ ಆಶ್ಚರ್ಯ. ಇನ್ನೊಂದು ತಿಂಗಳು ನೋಡೋಣ, ಇಲ್ಲವಾದರೆ ಸಣ್ಣ ಆಪರೇಷನ್ ಎಂದರು. ಸಣ್ಣದು ಎಂಬ ಮಾತು ನನ್ನ ಕಿವಿಗೆ ಬೀಳಲೇ ಇಲ್ಲ.

ನಮ್ಮ ಶಾಲೆಯ ಗಣಿತದ ಮೇಡಂ ಮದ್ದೂರಿನವರು. ಆಪರೇಷನ್ನಿಗೆ ಮೊದಲು ತಮ್ಮೂರಿನ ಫಿಸಿಯೋಥೆರಪಿಯವಳನ್ನು ಒಂದು ಸಲ ನೋಡಿ ಎಂದರು. ಶನಿವಾರ ಶಾಲೆ ಮುಗಿಸಿ ಮಂಡ್ಯದಲ್ಲಿ ರೈಲು ಹತ್ತಿದೆ. ಹನಕೆರೆ ದಾಟುವಾಗ ಕಿಟಕಿಯಾಚೆ ಗದ್ದೆಯಲ್ಲಿ ಹೆಂಗಸರು ಸಾಲಾಗಿ ನಾಟಿ ಹಾಕುತ್ತಿದ್ದರು. ಅವರ ಕೈಗಳನ್ನೇ ನೋಡುತ್ತಾ ಕೂತೆ. ಕೈ ನೋಯಲು ಶುರುವಾದ ಮೇಲೆ ನನಗೆ ಎಲ್ಲರ ಕೈಗಳೂ ಕಾಣತೊಡಗಿದ್ದವು. ಕಡಲೆಕಾಯಿ ಪೊಟ್ಟಣ ಕಟ್ಟುವವನ ಕೈ, ಟಿಕೆಟ್ ಹರಿಯುವ ಕಂಡಕ್ಟರ ಕೈ. ಎಷ್ಟು ಸಲೀಸಾಗಿ ಹೆಬ್ಬೆರಳು ಬಗ್ಗುತ್ತದೆ, ಎಷ್ಟು ಕೆಲಸವನ್ನು ಕೇಳದೆ ಮಾಡಿಬಿಡುತ್ತದೆ ಎಂದು ಬೆರಗಾಗುತ್ತಿತ್ತು.

ಫಿಸಿಯೋದವಳ ಹೆಸರು ಕಾವ್ಯ. ಶಿವಪುರದವಳು, ನನ್ನ ಹಳೇ ವಿದ್ಯಾರ್ಥಿನಿಯರ ವಯಸ್ಸು. ನನ್ನ ಚೀಟಿಗಳನ್ನೆಲ್ಲ ಓದಿ ಪಕ್ಕಕ್ಕಿಟ್ಟಳು. ಎಲ್ಲಿ ನೋವು ಎಂದು ಕೇಳಲಿಲ್ಲ. “ಟೀಚರ್, ಬೆಳಿಗ್ಗೆ ಎದ್ದಾಗ್ನಿಂದ ನಿಮ್ಮ ಬಲಗೈ ಏನೇನು ಮಾಡ್ತದೆ, ಒಂದೂ ಬಿಡದೆ ಮಾಡಿ ತೋರ್ಸಿ” ಎಂದಳು. ನಾನು ನಾಟಕದವಳಂತೆ ನಿಂತು ತೋರಿಸಿದೆ. ಚಾಪೆ ಸುತ್ತಿದೆ, ಇಲ್ಲದ ಪೊರಕೆಯಿಂದ ಕಸ ಗುಡಿಸಿದೆ, ಕೂತು ಹಾಲು ಕರೆದೆ, ಮುದ್ದೆ ತೊಳಸಿದೆ.

“ನಿಲ್ಲಿ” ಎಂದಳು. “ಹಾಲು ಕರ್ದಿದ್ದು ಇನ್ನೊಂದ್ಸಲ.”

ಅವಳು ಒಳಗೆ ಹೋಗಿ ರಬ್ಬರ್ ಕೈಗವಸಿನಲ್ಲಿ ನೀರು ತುಂಬಿ, ಬಾಯಿ ಗಂಟು ಹಾಕಿ, ಅದನ್ನು ನನ್ನ ಮುಂದೆ ಎತ್ತಿ ಹಿಡಿದಳು. ಐದು ಬೆರಳು ಕೆಳಕ್ಕೆ ಇಳಿಬಿದ್ದವು. “ನಮ್ಮನೇಲೂ ಎರಡು ಹಸ ಅವೆ ಟೀಚರ್, ನಾಚ್ಕೋಬೇಡಿ. ಇದು ಕೆಚ್ಚಲು ಅನ್ಕೊಂಡು ಕರೀರಿ” ಎಂದಳು. ಕಾಯುತ್ತಿದ್ದ ಇಬ್ಬರು ಮುದುಕರು ಪರದೆಯ ಸಂದಿಯಿಂದ ಇಣುಕಿದರು. ನಾನು ರಬ್ಬರ್ ಬೆರಳನ್ನು ಹಿಡಿದೆ. ನಮ್ಮವ್ವ ಕಲಿಸಿದ ರೀತಿ ಅದು, ಹೆಬ್ಬೆರಳನ್ನು ಒಳಕ್ಕೆ ಮಡಚಿ, ಅದರ ಗೆಣ್ಣಿಗೂ ಉಳಿದ ಬೆರಳುಗಳಿಗೂ ನಡುವೆ ತೊಟ್ಟನ್ನು ಒತ್ತಿ ಎಳೆಯುವುದು. ಬೇಗ ಕರೆಯಲು ಅದೇ ಸರಿ ಎಂದು ಅವ್ವ ಹೇಳಿದ್ದಳು. ಎರಡು ಸಲ ಎಳೆದೆ. ಮೂರನೇ ಸಲಕ್ಕೆ ನನ್ನ ಕೈ ತಾನಾಗಿಯೇ ನಿಂತಿತು.

ನನ್ನ ಕಣ್ಣೆದುರಿಗಿದ್ದದ್ದು ಡಾಕ್ಟರು ಕಟ್ಟಿಸಿದ್ದ ಮುಷ್ಟಿ. ಹೆಬ್ಬೆರಳು ಒಳಗೆ, ಬೆರಳುಗಳು ಮೇಲೆ, ಮಣಿಕಟ್ಟು ಕೆಳಕ್ಕೆ ಬಾಗಿದೆ. ಒಂದೇ ಒಂದು ಸಲ ಹಾಗೆ ಬಗ್ಗಿಸಿದ್ದಕ್ಕೆ ನಾನು ಕುರ್ಚಿ ಬಿಟ್ಟು ಎದ್ದಿದ್ದೆ. ಅದನ್ನೇ ದಿನಕ್ಕೆರಡು ಹೊತ್ತು, ಎರಡು ಹಸುವಿಗೆ, ಇಪ್ಪತ್ತಮೂರು ವರ್ಷದಿಂದ ಮಾಡುತ್ತಿದ್ದೇನೆ. ತಂಬೂರಿ ಬಿಟ್ಟ ಮೂರು ತಿಂಗಳೂ, ಕರೆಯುವ ಹೊತ್ತಿಗೆ ಬೆಲ್ಟು ಬಿಚ್ಚಿಟ್ಟು, ಹಲ್ಲು ಕಚ್ಚಿಕೊಂಡು ಮಾಡಿದ್ದೇನೆ.

“ಡಾಕ್ಟರಿಗೆ ಇದು ಹೇಳಿದ್ರಾ?” ಎಂದಳು ಕಾವ್ಯ.

ಹೇಳಿರಲಿಲ್ಲ. ಅವರು ಕೇಳಿದ್ದರು, ಅವರದೇನೂ ತಪ್ಪಿಲ್ಲ. ಹಾಲು ಕರೆಯುವುದು ಹೇಳುವಂಥ ಕೆಲಸ ಎಂದು ನನಗೂ ನಮ್ಮವರಿಗೂ ಹೊಳೆದಿರಲಿಲ್ಲ. ಉಸಿರಾಡುತ್ತೇನೆ ಎಂದು ಯಾರಾದರೂ ಡಾಕ್ಟರಿಗೆ ಹೇಳುತ್ತಾರೆಯೇ? ನೋವಿನ ತಪ್ಪನ್ನು ಯಾರ ಮೇಲಾದರೂ ಹೊರಿಸಬೇಕಾದಾಗ ಮನೆಮಂದಿಯೆಲ್ಲ, ನಾನೂ ಸೇರಿ, ನಾನು ಖುಷಿಗೆಂದು ಮಾಡುವ ಒಂದೇ ಕೆಲಸವನ್ನು ಹಿಡಿದು ಗೂಟಕ್ಕೆ ಹಾಕಿದೆವು. ಅದು ನೆನಪಾದರೆ ಈಗಲೂ ನನಗೆ ಸಿಟ್ಟು ಬರುತ್ತದೆ, ಹೆಚ್ಚಿನ ಸಿಟ್ಟು ನನ್ನ ಮೇಲೆಯೇ. ತಂಬೂರಿಯೂ ಹೆಬ್ಬೆರಳಿಗೆ ಭಾರವೇ ಎಂದು ಕಾವ್ಯ ಹೇಳಿದಳು. ಆದರೆ ವಾರಕ್ಕೊಂದು ಸಂಜೆಯ ಭಾರಕ್ಕೂ ದಿನಕ್ಕೆರಡು ಹೊತ್ತಿನ ಭಾರಕ್ಕೂ ಬಹಳ ದೂರ. ಹೆಬ್ಬೆರಳನ್ನು ಹೊರಗಿಟ್ಟು, ಪೂರ್ತಿ ಮುಷ್ಟಿಯಲ್ಲಿ ತೊಟ್ಟು ಹಿಡಿದು, ಬೆರಳುಗಳನ್ನು ಮೇಲಿಂದ ಕೆಳಕ್ಕೆ ಒಂದೊಂದಾಗಿ ಒತ್ತುವುದನ್ನು ಅದೇ ಕೈಗವಸಿನ ಮೇಲೆ ಕಲಿಸಿದಳು. ಸದ್ಯಕ್ಕೆ ಎರಡು ವಾರ ಅದೂ ಬೇಡ ಎಂದಳು.

ಆ ಎರಡು ವಾರ ನಮ್ಮವರು ಕರೆದರು. ಚುಕ್ಕಿ ಎಂಬ ನಮ್ಮ ಹಸು ಅವರಿಗೆ ಎರಡು ಸಲ ಒದೆಯಿತು. ಮೂರನೇ ದಿನದಿಂದ ನನ್ನ ಹಳೇ ಸೀರೆ ಸುತ್ತಿಕೊಂಡು ಕೂತರು. ಹಸು ಮೋಸ ಹೋಯಿತೋ, ಕನಿಕರ ಪಟ್ಟಿತೋ, ಸುಮ್ಮನೆ ನಿಂತಿತು. “ಇದ್ನ ಊರಾಗೆ ಏಳ್ಬುಟ್ಟೀಯ” ಎಂದು ನನಗೆ ಕೈಮುಗಿದರು. ಈಗ ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ಮೂರನೇ ವಾರ ನಾನೇ ಚುಕ್ಕಿಯ ಮಗ್ಗುಲಲ್ಲಿ ಕೂತೆ. ಹೆಬ್ಬೆರಳು ಹೊರಗಿಟ್ಟು, ಮುಷ್ಟಿ ಕಟ್ಟಿ, ಮೊದಲ ಸಲ ಕರೆಯುವ ಎಳೇ ಹುಡುಗಿಯಂತೆ ತಡವರಿಸುತ್ತಾ ಒತ್ತಿದೆ. ಹಾಲು ಒಮ್ಮೆ ಬಕೆಟ್ಟಿಗೆ, ಒಮ್ಮೆ ನನ್ನ ಮಂಡಿಗೆ ಬಿತ್ತು. ಅತ್ತೆ ಕೊಟ್ಟಿಗೆಯ ಬಾಗಿಲಿಗೆ ಬಂದು ನಿಂತವರು ಬಹಳ ಹೊತ್ತು ನೋಡಿ, “ಕಿರುಬೆಳ್ಳ ಎಲ್ಲಾದ್ಕೂ ಕಡೀಗೆ ಒತ್ತು” ಎಂದರು. ಒತ್ತಿದೆ. ಹಾಲು ಸರಿಯಾಗಿ ಬಂತು.

ನಾನು ತಲೆಯೆತ್ತಿ ನೋಡಿದೆ. ನಾನು ಮದುವೆಯಾಗಿ ಬಂದಾಗ ಅತ್ತೆ ಹೀಗೇ ಕರೆಯುತ್ತಿದ್ದರು. ಇವರದು ಎಷ್ಟು ನಿಧಾನ, ಮಳವಳ್ಳಿಯ ಕೈಚಳಕ ತೋರಿಸುತ್ತೇನೆ ಎಂದು ವಾರದೊಳಗೆ ಬಕೆಟ್ಟು ಕಸಿದುಕೊಂಡವಳು ನಾನು.

“ಅತ್ತೆಮ್ಮ, ನಿಮಗೂ ಈ ನೋವು ಬಂದಿತ್ತಾ?”

“ಬರ್ದೆ ಏನವ್ವ. ಇವ್ನು ಅಂಬೆಗಾಲಿಡ್ತಿದ್ದ, ನಿನ್ ಗಂಡ. ಎತ್ಕೊಳಕ್ಕೆ ಓದ್ರೆ ಕೈಲಿ ಸಕ್ತಿನೇ ಇಲ್ಲ. ಚೊಂಬು ಬೀಳೋದು, ಮಚ್ಚು ಬೀಳೋದು.”

“ಆಮೇಲೆ?”

“ಆಮ್ಯಾಲೇನು. ಈ ಬೆಳ್ಳು ಬ್ಯಾಡ ಅಂತದೆ ಅಂದ್ರೆ ಆ ಬೆಳ್ಳ ಕೇಳ್ದೆ. ಅದೂ ಬ್ಯಾಡ ಅಂದ್ರೆ ಇನ್ನೊಂದ ಕೇಳ್ದೆ. ಅಂಗೇ ಒಂದು ವರ್ಸ. ಮುಷ್ಟೀಲಿ ಕರ್ದ್ರೆ ನೋಯ್ನಿಲ್ಲ. ತಂಬೂರಿಗೆ ಬಟ್ಟೆ ಕಟ್ಟುದ್ರೆ ನೋಯ್ನಿಲ್ಲ. ನಡುಬೆಳ್ಳಲ್ಲಿ ಮೀಟುದ್ರೆ ನೋಯ್ನಿಲ್ಲ. ತಡ್ಕಳಂಗಾಯ್ತು, ಅಷ್ಟೇ ಕಣವ್ವ.”

ನಾನು ಕೆಚ್ಚಲ ಹತ್ತಿರ ಹಾಗೇ ಕೂತುಬಿಟ್ಟೆ. ಮೂಳೆ ಡಾಕ್ಟರು, ಇಂಜೆಕ್ಷನ್ನು, ಮದ್ದೂರಿನ ರೈಲು, ನೀರು ತುಂಬಿದ ಕೈಗವಸು, ಇಷ್ಟೆಲ್ಲ ದಾಟಿ ನಾನು ತಲುಪಿದ ಜಾಗಕ್ಕೆ ಈ ಹೆಂಗಸು ಐವತ್ತು ವರ್ಷದ ಹಿಂದೆ ಒಬ್ಬಳೇ, ಯಾರನ್ನೂ ಕೇಳದೆ, ಒಂದೊಂದೇ ಬೆರಳನ್ನು ವಿಚಾರಿಸಿಕೊಂಡು ಬಂದು ಕೂತಿದ್ದಾಳೆ. ಅವರ ನಡುಬೆರಳ ಮೀಟು ನನಗೆ ಹಳ್ಳಿಯ ಮೊಂಡುತನದಂತೆ ಕಂಡಿತ್ತು. ಅವರ ಪಟ್ಟಿ ನಗೆಪಾಟಲಾಗಿತ್ತು. ಸ್ವಂತ ಕೈಯನ್ನೇ ಗುರು ಮಾಡಿಕೊಂಡು ಕಲಿತ ವಿದ್ಯೆ ಅದು. ನಾನು ಎಷ್ಟೋ ಜನ ಪಂಡಿತರ ಮುಂದೆ ಕೂತಿದ್ದೇನೆ, ಅವತ್ತಿನಷ್ಟು ಭಯಭಕ್ತಿ ನನಗೆ ಯಾರ ಮುಂದೆಯೂ ಹುಟ್ಟಿಲ್ಲ.

“ನನಗೆ ಯಾಕೆ ಹೇಳಲಿಲ್ಲ?” ಎಂದೆ.

“ನಿಂಗೆ ನೋವಿರ್ನಿಲ್ವಲ್ಲವ್ವ. ನೋವಿಲ್ದೋರ್ಗೆ ಬಟ್ಟೆ ಕಟ್ಟು ಅಂದ್ರೆ ಕಟ್ತಾರಾ?”

“ಆಮೇಲೆ ನೋವು ಬಂತಲ್ಲ.”

“ಡಾಕುಟ್ರು ನೋಡ್ತಾವ್ರೆ, ಓದ್ದೋರು. ನಾನೇನ್ ಏಳನ?” ಎಂದು ಅವರು ಒಳಗೆ ಹೋದರು. ಬಂದಾಗ ಕೈಯಲ್ಲಿ ಆ ಪಟ್ಟಿ ಇತ್ತು, ಒಗೆದು ಮಡಚಿಟ್ಟದ್ದು.

ಮುಂದಿನದು ನಿಧಾನದ ಕಥೆ. ಐದು ನಿಮಿಷ ಮೀಟುವುದು, ಬಿಡುವುದು. ಬಿಸಿನೀರಲ್ಲಿ ಕೈ ಅದ್ದಿ ಕಾವ್ಯ ಹೇಳಿದಂತೆ ಬೆರಳು ಚಾಚುವುದು. ಮುದ್ದೆ ತೊಳಸುವ ಕೆಲಸ ನಮ್ಮವರಿಗೆ ಹೋಯಿತು, ಅವರ ಮುದ್ದೆಯಲ್ಲಿ ಗಂಟಿರುತ್ತದೆ, ನಾನೂ ಅತ್ತೆಯೂ ಮಾತಾಡದೆ ನುಂಗುತ್ತೇವೆ. ಆಪರೇಷನ್ನಿನ ಮಾತು ಹಿಂದಕ್ಕೆ ಹೋಯಿತು. ನನ್ನ ಕೈಗೆ ಆದದ್ದು ನಿಮ್ಮ ಕೈಗೂ ಆದೀತೆಂದು ನಾನು ಹೇಳಲಾರೆ. ಡಾಕ್ಟರು ಏನು ಕೆಲಸ ಮಾಡುತ್ತೀರಿ ಎಂದು ಕೇಳಿದಾಗ ಸಂಬಳದ ಕೆಲಸ ಒಂದನ್ನೇ ಹೇಳಿ ಬರಬೇಡಿ ಎಂದಷ್ಟೇ ಹೇಳುತ್ತೇನೆ.

ಪಟ್ಟಿ ಹೊರಗೆ ಬಂದ ನಾಲ್ಕನೇ ತಿಂಗಳ ಒಂದು ಸೋಮವಾರ ಅತ್ತೆ ನನ್ನ ಹೆಗಲಿಗೆ ಪಟ್ಟಿ ಕಟ್ಟಿದರು. ಜಗಲಿಯ ಮೇಲೆ ಪುಟ್ಟಸ್ವಾಮಣ್ಣ ನೋಡಿ, “ಓಹೋ, ಕೂಸು ವಾಪಸ್ಸು ಬಂತಾ?” ಎಂದರು. ಬಂತು ಅಣ್ಣ ಎಂದೆ. ಅವರು ಮೆಲ್ಲಗೆ ಫೋನನ್ನು ಜೇಬಿಗೆ ಹಾಕಿಕೊಂಡರು. ನಡುಬೆರಳಲ್ಲಿ ತಂತಿ ಮೀಟಿದೆ. ಹೆಗಲ ಮೂಳೆಯೊಳಗೆ ಆ ನಡುಕ ಇಳಿದು ಎದೆಗೆ ಬಂತು. ಮೊದಲ ಸೊಲ್ಲನ್ನು ಹಾಡಲಾಗದೆ ಎರಡು ಸುತ್ತು ಬರೀ ಮೀಟುತ್ತಾ ಕೂತೆ, ಯಾರೂ ಆತುರ ಮಾಡಲಿಲ್ಲ.

ಇಲ್ಲಿಗೆ ನನ್ನ ಕಥೆ ಮುಗಿಯಬೇಕಿತ್ತು. ಮುಗಿಯದೇ ಇರಲು ಕಾರಣ ಕಾವ್ಯ. ಅತ್ತೆಯ ವಿಷಯ ಹೇಳಿದಾಗ ಅವಳು, “ಅಜ್ಜಿನ ಒಂದ್ಸಲ ಕರ್ಕೊಂಡು ಬನ್ನಿ, ನಾನು ನೋಡ್ಬೇಕು” ಎಂದಳು. ಅತ್ತೆ ಹೊಸ ಸೀರೆ ಉಟ್ಟು, ರೈಲಿನ ಕಿಟಕಿಯ ಪಕ್ಕ ಕೂತು ಬಂದರು. ಕಾವ್ಯ ಅವರ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಹೆಬ್ಬೆರಳ ಬುಡವನ್ನು ಮೆಲ್ಲಗೆ ಒತ್ತಿದಳು.

“ಇಲ್ಲಿ ನೋಯ್ತದಾ ಅಜ್ಜಿ?”

“ನೋಯ್ತದೆ.”

“ಇಲ್ಲಿ?”

“ಅಲ್ಲೂ ನೋಯ್ತದೆ.”

ನಾನು ದಂಗಾಗಿ ಕೇಳಿದೆ: “ಈಗಲೂ ನೋಯ್ತದಾ? ವಾಸಿಯಾಯ್ತು ಅಂದ್ರಲ್ಲ?”

“ವಾಸಿ ಆಯ್ತು ಅಂದ್ನಾ? ತಡ್ಕಳಂಗಾಯ್ತು ಅಂತ ಅಂದಿದ್ದು. ಈ ನಾಕು ವರ್ಸದಿಂದ ನಡುಬೆಳ್ಳೂ ಬ್ಯಾಡ ಅಂತದೆ.”

ನಾಲ್ಕು ವರ್ಷ ಎಂದಾಗ ನನಗೆ ಅರ್ಥವಾಯಿತು. “ಗಂಟಲು ಹೋಯ್ತು ಅಂತ ತಂಬೂರಿ ಕೊಟ್ರಲ್ಲ ಅತ್ತೆಮ್ಮ.”

ಅವರು ಕಾವ್ಯಳ ಕಡೆ ನೋಡಿದರು, ನನ್ನ ಕಡೆ ನೋಡಲಿಲ್ಲ. “ಗಂಟ್ಲು ಓಯ್ತು ಅಂದ್ರೆ ಯಾರೂ ಏನೂ ಅನ್ನಕ್ಕಿಲ್ಲ. ಕೈ ನೋವು ಅಂದ್ರೆ ಕೆಲ್ಸಗಳ್ಳಿ ಅಂತಾರೆ ಕಣವ್ವ” ಎಂದರು. ಎಪ್ಪತ್ತೆರಡು ವರ್ಷದ ಹೆಂಗಸು, ಆಗಲೂ ಅವರ ಮಡಿಲಲ್ಲಿ ದಾರಿಯಲ್ಲಿ ಬಿಡಿಸಲೆಂದು ತಂದಿದ್ದ ಅವರೆಕಾಯಿಯ ಚೀಲವಿತ್ತು. ಕಾವ್ಯ ಆ ಕೈಯನ್ನು ಬಿಡಲಿಲ್ಲ. ಆಮೇಲೆ ತನ್ನ ಅಳತೆಯ ಸಾಮಾನು ತೆಗೆದು, ನನ್ನದಕ್ಕಿಂತ ಚಿಕ್ಕದೊಂದು ಬೆಲ್ಟು ಹುಡುಕಿ ಹಾಕಿದಳು. ಪೂರ್ತಿ ಹೋಗುವುದಿಲ್ಲ ಅಜ್ಜಿ, ಕಡಿಮೆ ಮಾಡಬಹುದು ಎಂದಳು.

ಅತ್ತೆ ಆ ಬೆಲ್ಟನ್ನು ತಿಂಗಳುಗಟ್ಟಲೆ ಹಾಕಿಕೊಂಡರು. ನಾನು ಬಿಸಿನೀರು ಕಾಯಿಸಿದಾಗ ಇಬ್ಬರೂ ಒಂದೇ ಬೋಗುಣಿಯಲ್ಲಿ ಕೈ ಇಟ್ಟುಕೊಂಡು ಕೂರುತ್ತಿದ್ದೆವು. ಅವರ ಕೈ ನನ್ನದರ ಅರ್ಧ ಇದೆ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ನಾನು ಅದನ್ನು ಸರಿಯಾಗಿ ನೋಡಿರಲಿಲ್ಲ.

ಹೋದ ತಿಂಗಳ ಒಂದು ಬೆಳಿಗ್ಗೆ ಚುಕ್ಕಿಯ ಹಾಲು ಕರೆಯುತ್ತಿದ್ದೆ. ನಡುಮನೆಯಿಂದ ತಂಬೂರಿಯ ಸದ್ದು ಬಂತು. ನಮ್ಮವರು ಅಂಗಿ ತೆಗೆಯುವಾಗ ಗೂಟಕ್ಕೆ ಕೈ ತಾಗಿರಬೇಕು ಎಂದುಕೊಂಡೆ. ಸದ್ದು ನಿಲ್ಲಲಿಲ್ಲ. ತಡೆದು ತಡೆದು, ಒಂದು ಬೆರಳನ್ನು ವಿಚಾರಿಸಿ ಇನ್ನೊಂದರ ಹತ್ತಿರ ಹೋದಂತೆ ಮೀಟು ಬದಲಾಯಿತು, ಆಮೇಲೆ ಒಂದು ಹದಕ್ಕೆ ಕೂತಿತು. ಅದರ ಮೇಲೆ ಹಾಡು ಎದ್ದಿತು.

ಗಂಟಲು ಹೋಗಿರಲಿಲ್ಲ. ಒಂದು ಚೂರೂ ಹೋಗಿರಲಿಲ್ಲ. ಹಿಂದೆ ಜಗಲಿಯ ಮೇಲೆ ಅವರ ಬೆನ್ನಿಗೆ ಕೂತು ಕೇಳುತ್ತಿದ್ದ ಅದೇ ದನಿ, ಅಷ್ಟೇ ಅಗಲ, ಅಷ್ಟೇ ನೇರ. ನಮ್ಮವರು ಹಾಲಿನ ಕ್ಯಾನು ಹಿಡಿದು ಕೊಟ್ಟಿಗೆಗೆ ಬಂದವರು ಬಾಗಿಲಲ್ಲೇ ನಿಂತರು. ಅವರ ಕಣ್ಣಲ್ಲಿ ನೀರು ತುಂಬಿತ್ತು. ಒಳಗೆ ಓಡಿಹೋಗಿ ನೋಡಬೇಕೆನ್ನಿಸಿತು, ಹೋದರೆ ನಿಲ್ಲಿಸಿಬಿಟ್ಟಾರೆಂದು ಹೋಗಲಿಲ್ಲ. ನನ್ನ ಕೈ ಯಾವಾಗ ನಿಂತಿತೋ ನನಗೇ ಗೊತ್ತಾಗಲಿಲ್ಲ.

ಪದ ಮುಗಿಯಿತು. ಒಳಗಿಂದ ಅತ್ತೆ ಕೂಗಿದರು: “ಆಲು ಕರ್ಯೋ ಸದ್ದೇ ಕೇಳ್ತಿಲ್ವಲ್ಲ. ಕೈ ನೋಯ್ತದಾ ಮಗ?”

“ಇಲ್ಲ ಅತ್ತೆಮ್ಮ” ಎಂದೆ. “ನಿಮಗೆ?”

ಒಳಗೆ ಶ್ರುತಿ ಕೂಡಿಸಿದ ಸದ್ದು ಬಂತು. ಆಮೇಲೆ ತಂಬೂರಿ ಮತ್ತೆ ಶುರುವಾಯಿತು.